ಅಗ್ರಿಮೆಂಟ್ ಮುಗಿಯುವ ಮೊದಲೇ ಬಾಡಿಗೆದಾರರು ಹೊರಟರೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಆಷಾಢ ಕಳೆದು ಶ್ರಾವಣ ಬಂತೆಂದರೆ ಮನೆ ಬದಲಾಯಿಸುವವರ ಓಡಾಟ ಶುರು, ಅದರ ಹಿಂದೆಯೇ ಅಡ್ವಾನ್ಸ್ ಜಗಳ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದೇ. ಮಾಲೀಕರು ಬರೆದಿದ್ದಾರೆ, ಬಾಡಿಗೆದಾರರೂ ಬರೆದಿದ್ದಾರೆ. ಹೆಸರು ತೆಗೆದು ಊರು ಮಾತ್ರ ಉಳಿಸಿಕೊಂಡಿದ್ದೇವೆ.

ವಿಜಯನಗರ, ಬೆಂಗಳೂರು

ನಾನು ನಿವೃತ್ತ ಶಿಕ್ಷಕಿ. ಕೆಳಗಡೆ ನಾನಿದ್ದೇನೆ, ಮೇಲಿನ ಮನೆ ಬಾಡಿಗೆಗೆ ಕೊಟ್ಟಿದ್ದೇನೆ. ಜನವರಿ ಒಂದರಂದು ಗಂಡ ಹೆಂಡತಿ ಇಬ್ಬರೇ ಬಂದರು. 11 ತಿಂಗಳ ಅಗ್ರಿಮೆಂಟ್, ಬಾಡಿಗೆ 22,000, ಅಡ್ವಾನ್ಸ್ ಒಂದೂವರೆ ಲಕ್ಷ. ಯಾರೇ ಬಿಡುವುದಾದರೂ ಬಿಡಿಸುವುದಾದರೂ ಎರಡು ತಿಂಗಳು ಮೊದಲು ತಿಳಿಸಬೇಕು, ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಎಂದು ಬರೆದಿದೆ. ಜೂನ್ 20ಕ್ಕೆ ಬಂದು ಹೈದರಾಬಾದಿಗೆ ವರ್ಗವಾಗಿದೆ ಎಂದರು, 30ಕ್ಕೆ ಬೀಗದ ಕೈ ಕೊಟ್ಟು ಹೋದರು. ಮಧ್ಯೆ ಆಷಾಢ ಬಂತು, ಯಾರೂ ಬರಲಿಲ್ಲ. ಹೊಸಬರು ಬಂದದ್ದು ಆಗಸ್ಟ್ 16ಕ್ಕೆ. ಅವರು ಬರುವ ಮೊದಲು ಹಾಲ್ ಮತ್ತು ಅಡುಗೆಮನೆಗೆ ಬಣ್ಣ ಹೊಡೆಸಿದೆ, 11,500 ಆಯಿತು. ಕರೆಂಟ್, ನೀರಿನ ಬಾಕಿ 1,860. ಹೋದವರು ಪೂರ್ತಿ ಅಡ್ವಾನ್ಸ್ ಕೇಳುತ್ತಿದ್ದಾರೆ. ಮಗ ಮಾತ್ರ, ಉಳಿದ ಐದು ತಿಂಗಳ ಬಾಡಿಗೆ, ಪೇಂಟಿಂಗ್ ಎಲ್ಲ ಹಿಡಿದರೆ ಅವರಿಗೆ ಕೊಡುವುದು ಹೆಚ್ಚೇನೂ ಉಳಿಯುವುದಿಲ್ಲ ಎನ್ನುತ್ತಾನೆ. ನನಗೆ ಎರಡೂ ಸರಿ ಕಾಣುತ್ತಿಲ್ಲ.

ಉತ್ತರ: ನಿಮಗೆ ಅನ್ನಿಸಿದ್ದೇ ಸರಿ ಅಮ್ಮ. ಪೂರ್ತಿ ಕೊಡಬೇಕಾಗಿಯೂ ಇಲ್ಲ, ಪೂರ್ತಿ ಹಿಡಿಯುವಂತೆಯೂ ಇಲ್ಲ.

ಮೊದಲು ಮಗನ ಲೆಕ್ಕ ನೋಡೋಣ. ಅಗ್ರಿಮೆಂಟ್ 11 ತಿಂಗಳದ್ದು ಅಂದ ಮಾತ್ರಕ್ಕೆ 11 ತಿಂಗಳ ಬಾಡಿಗೆ ಬಂದೇ ಬರಬೇಕು ಎಂದಲ್ಲ. ಎರಡು ತಿಂಗಳು ಮೊದಲು ಹೇಳಿ ಬಿಡಬಹುದು ಎಂದು ನೀವಿಬ್ಬರೂ ಸಹಿ ಹಾಕಿದ್ದೀರಿ, ಅಂದರೆ ಮಧ್ಯದಲ್ಲಿ ಹೊರಡುವ ದಾರಿಯನ್ನು ಮೊದಲೇ ಒಪ್ಪಿಕೊಂಡಿದ್ದೀರಿ. ಅವರು ಹೊರಟಿದ್ದು ತಪ್ಪಲ್ಲ. ಎರಡು ತಿಂಗಳ ಬದಲು ಹತ್ತೇ ದಿನ ಕೊಟ್ಟರಲ್ಲ, ತಪ್ಪಿದ್ದು ಅಲ್ಲಿ. ಈ 11 ತಿಂಗಳ ಅಂಕಿ ಬಂದಿರುವುದೇ ಬೇರೆ ಕಾರಣಕ್ಕೆ. ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ, ಆ ಖರ್ಚು ಓಡಾಟ ಬೇಡವೆಂದು ಎಲ್ಲರೂ ಹನ್ನೊಂದಕ್ಕೇ ನಿಲ್ಲಿಸುತ್ತಾರೆ, ಅಷ್ಟೇ.

ಈಗ ನಿಜವಾದ ನಷ್ಟ ಎಷ್ಟು ಎಂದು ನೋಡಿ. ಜೂನ್ 20ರಿಂದ ಎರಡು ತಿಂಗಳೆಂದರೆ ಆಗಸ್ಟ್ 20. ಆದರೆ 16ರಿಂದ ನಿಮಗೆ ಹೊಸ ಬಾಡಿಗೆ ಬರುತ್ತಿದೆ. ಒಂದೇ ಮನೆಗೆ, ಅವೇ ದಿನಗಳಿಗೆ, ಇಬ್ಬರಿಂದ ಬಾಡಿಗೆ ತೆಗೆದುಕೊಳ್ಳುವುದು ನ್ಯಾಯವಲ್ಲ. ಕಾನೂನಿನ ಲೆಕ್ಕವೂ ಹೆಚ್ಚುಕಡಿಮೆ ಹೀಗೆಯೇ: 1872ರ ಕರಾರು ಕಾಯ್ದೆಯ 73ನೇ ಕಲಂ, ಕರಾರು ಮುರಿದವರು ಅದರಿಂದ ಆದ ನಷ್ಟವನ್ನು ತುಂಬಿಕೊಡಬೇಕು ಎನ್ನುತ್ತದೆ, ಜೊತೆಗೆ ಆ ನಷ್ಟ ತಗ್ಗಿಸಲು ಇನ್ನೊಬ್ಬರಿಗೆ ಏನು ದಾರಿ ಇತ್ತು ಅನ್ನುವುದನ್ನೂ ನೋಡಬೇಕು ಎನ್ನುತ್ತದೆ. ನೀವು ಟು-ಲೆಟ್ ಬೋರ್ಡ್ ಹಾಕಿ ಜನ ಹುಡುಕಿದಿರಿ, ಆಷಾಢದಲ್ಲಿ ನಮ್ಮ ಕಡೆ ಯಾರೂ ಹಾಲು ಉಕ್ಕಿಸುವುದಿಲ್ಲ, ಅದು ನಿಮ್ಮ ತಪ್ಪಲ್ಲ. ಹಾಗಾಗಿ ಮನೆ ಖಾಲಿ ಇದ್ದ ಒಂದೂವರೆ ತಿಂಗಳಿಗೆ 33,000 ಹಿಡಿಯಿರಿ.

ಪೇಂಟಿಂಗ್ ವಿಷಯದಲ್ಲಿ ನನ್ನ ಅಭಿಪ್ರಾಯ ಅನೇಕ ಮಾಲೀಕರಿಗೆ ಹಿಡಿಸಲಿಕ್ಕಿಲ್ಲ. ಒಂದು ತಿಂಗಳ ಬಾಡಿಗೆ ಎಂದು ಬರೆದು ಸಹಿ ಹಾಕಿಸಿದ್ದೀರಿ, ಹಿಡಿದರೆ ಕೇಳುವವರು ಕಡಿಮೆ. ಆದರೆ ಆರೇ ತಿಂಗಳು ಇದ್ದವರಿಂದ, ಎರಡು ಕೋಣೆಗೆ ಮಾತ್ರ ಬಣ್ಣ ಹೊಡೆಸಿ, 22,000 ತೆಗೆದುಕೊಳ್ಳುವುದು ಬೇಡ. ಒಗ್ಗರಣೆ ಹೊಗೆಗೆ ಒಲೆಯ ಹಿಂದಿನ ಗೋಡೆ ಹಳದಿಯಾಗುವುದು, ಕ್ಯಾಲೆಂಡರ್ ಮೊಳೆಯ ತೂತು, ಬಾಗಿಲ ಹಿಡಿಕೆ ಸಡಿಲಾಗುವುದು, ಇವೆಲ್ಲ ಮನುಷ್ಯರು ಇದ್ದರೆ ಆಗುವಂಥವು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯೂ ಸಹಜ ಸವೆತವನ್ನು ಬಾಡಿಗೆದಾರರ ತಲೆಗೆ ಕಟ್ಟುವುದಿಲ್ಲ. ವಾಶ್ ಬೇಸಿನ್ ಒಡೆದಿದ್ದರೆ, ಗೀಸರ್ ಸುಟ್ಟಿದ್ದರೆ, ಬಾಗಿಲಿಗೆ ನಾಯಿ ಪರಚಿದ್ದರೆ ಅದು ಬೇರೆ. ನಿಮಗೆ ಖರ್ಚಾದದ್ದು 11,500, ಬಿಲ್ ಇದೆ, ಅಷ್ಟು ಹಿಡಿಯಿರಿ.

33,000, 11,500, ಬಿಲ್ ಬಾಕಿ 1,860, ಎಲ್ಲ ಸೇರಿ 46,360. ವಾಪಸ್ ಕೊಡಬೇಕಾದದ್ದು 1,03,640. ಇದನ್ನು ಒಂದು ಹಾಳೆಯಲ್ಲಿ ಬರೆದು, ಪೇಂಟರ್ ಬಿಲ್, ಕರೆಂಟ್ ಬಿಲ್ ಎರಡರ ಫೋಟೋ ಜೊತೆಗೆ ವಾಟ್ಸಾಪ್ ಮಾಡಿ. ಫೋನಲ್ಲಿ ವಾದಕ್ಕೆ ಇಳಿಯಬೇಡಿ. ಹಣವನ್ನು ಬ್ಯಾಂಕ್ ಮೂಲಕವೇ ಹಾಕಿ, "ಅಡ್ವಾನ್ಸ್ ಲೆಕ್ಕ ಚುಕ್ತಾ ಆಯಿತು, ಇನ್ನೇನೂ ಬಾಕಿ ಇಲ್ಲ" ಎಂದು ಅವರಿಂದ ಒಂದು ಸಾಲು ಬರೆಸಿಕೊಳ್ಳಿ. ಮತ್ತೆ ಇದನ್ನು ತಡ ಮಾಡಬೇಡಿ. ಅಡ್ವಾನ್ಸ್ ಅವರ ದುಡ್ಡು, ನಿಮ್ಮ ಹತ್ತಿರ ಇಟ್ಟಿರುವುದು ಅಷ್ಟೇ. ಹೈದರಾಬಾದಿನಲ್ಲಿ ಅವರೂ ಈಗ ಇನ್ನೊಬ್ಬ ಓನರ್‌ಗೆ ಅಡ್ವಾನ್ಸ್ ಹೊಂದಿಸುತ್ತಿರುತ್ತಾರೆ ಅಲ್ವಾ?

ದಾವಣಗೆರೆ

ನಮ್ಮ ಬಾಡಿಗೆದಾರ ಮೂರು ತಿಂಗಳಿಂದ ಮನೆಗೆ ಬೀಗ ಹಾಕಿಕೊಂಡು ಹೋಗಿದ್ದಾನೆ. ಬಾಡಿಗೆ 9,000, ಅಡ್ವಾನ್ಸ್ 50,000. ಫೋನ್ ಸ್ವಿಚ್ ಆಫ್. ಒಳಗೆ ಮಂಚ, ಫ್ರಿಜ್, ಒಂದಿಷ್ಟು ಪಾತ್ರೆ ಇರುವುದು ಕಿಟಕಿಯಿಂದ ಕಾಣುತ್ತದೆ. ಪಕ್ಕದವರು ಊರಿಗೆ ಹೋದ, ಇನ್ನು ಬರುವುದಿಲ್ಲ ಎನ್ನುತ್ತಾರೆ. ಬೀಗ ಒಡೆಸಿ ಸಾಮಾನು ಹೊರಗಿಟ್ಟು ಬೇರೆಯವರಿಗೆ ಕೊಡಬಹುದಾ?

ಉತ್ತರ: ದಯವಿಟ್ಟು ಬೀಗ ಮುಟ್ಟಬೇಡಿ.

ಮನೆ ನಿಮ್ಮದೇ. ಆದರೆ ಬೀಗದ ಕೈ ಅವನ ಹತ್ತಿರ ಇದೆ, ಸಾಮಾನು ಒಳಗಿದೆ, ಹಾಗಿರುವಷ್ಟು ದಿನ ಆ ಮನೆಯ ಸ್ವಾಧೀನ ಅವನದು ಎಂದೇ ಲೆಕ್ಕ. ನಾಳೆ ಅವನು ಬಂದು "ಬೀರುವಿನಲ್ಲಿ ಎರಡು ಎಳೆ ಸರ ಇತ್ತು, ಕಾಣುತ್ತಿಲ್ಲ" ಎಂದರೆ ಇರಲಿಲ್ಲ ಎಂದು ನೀವು ಹೇಗೆ ತೋರಿಸುತ್ತೀರಿ? ಅಷ್ಟೇ ಅಲ್ಲ. ಕಾನೂನಿನ ಕ್ರಮ ಬಿಟ್ಟು ಸ್ವಾಧೀನ ತಪ್ಪಿಸಿದರೆ ಆರು ತಿಂಗಳ ಒಳಗೆ ಅವನು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ದಾವೆ ಹೂಡಿ ಸ್ವಾಧೀನ ವಾಪಸ್ ಕೇಳಬಹುದು, ಅಲ್ಲಿ ಮಾಲೀಕ ಯಾರು ಎಂಬ ಪ್ರಶ್ನೆಯೇ ಬರುವುದಿಲ್ಲ. ಬಾಡಿಗೆ ಬಾಕಿ ಇಟ್ಟವನು ಅವನು, ಕೋರ್ಟಿಗೆ ಅಲೆಯುವವರು ನೀವು, ಹಾಗಾಗಬಾರದು. ಫ್ಯೂಸ್ ತೆಗೆಯುವುದು, ನೀರು ನಿಲ್ಲಿಸುವುದು ಕೂಡ ಬೇಡ.

ಹಾಗಂತ ಸುಮ್ನೆ ಕೂರಬೇಡಿ. ಮೂರು ತಿಂಗಳ 27,000 ಈಗಾಗಲೇ ಅಡ್ವಾನ್ಸಿನಲ್ಲಿ ಕರಗಿದೆ, ಉಳಿದಿರುವುದು 23,000, ಅದೂ ಇನ್ನು ಎರಡೂವರೆ ತಿಂಗಳಿಗೆ ಮುಗಿಯುತ್ತದೆ. ಅದಿನ್ನೂ ಕೈಯಲ್ಲಿ ಇರುವಾಗಲೇ ಕೆಲಸ ಶುರುಮಾಡಿ.

ಅಗ್ರಿಮೆಂಟ್ ಮಾಡುವಾಗ ತೆಗೆದುಕೊಂಡ ಆಧಾರ್ ಪ್ರತಿಯಲ್ಲಿ ಅವನ ಊರಿನ ವಿಳಾಸ ಇರುತ್ತದೆ. ಅಲ್ಲಿಗೆ ಒಂದು ನೋಟಿಸ್ ಕಳಿಸಿ, ಅಂಚೆಯಲ್ಲೇ, ತಲುಪಿದ್ದಕ್ಕೆ ರಸೀತಿ ಬರುವ ಹಾಗೆ. ಬಾಕಿ ಎಷ್ಟು, ಯಾವ ತಾರೀಖಿನ ಒಳಗೆ ಬಂದು ಸಾಮಾನು ತೆಗೆದುಕೊಂಡು ಬೀಗದ ಕೈ ಕೊಡಬೇಕು ಎಂದು ಸ್ಪಷ್ಟವಾಗಿ ಬರೆದು ಸಹಿ ಹಾಕಿ. ಅದೇ ನೋಟಿಸನ್ನು ಆ ಮನೆಯ ಬಾಗಿಲಿಗೂ ಅಂಟಿಸಿ, ತಾರೀಖು ಕಾಣುವಂತೆ ಫೋಟೋ ತೆಗೆದುಕೊಳ್ಳಿ. ಇದು ನಾನು ಹೇಳುವ ಉಪಾಯವಲ್ಲ, ಆಳು ಸಿಗದಿದ್ದಾಗ ನೋಟಿಸನ್ನು ಎದ್ದು ಕಾಣುವ ಜಾಗದಲ್ಲಿ ಅಂಟಿಸಬಹುದು ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂನಲ್ಲೇ ಇದೆ. ತಿಂಗಳ ಬಾಡಿಗೆಯ ಮನೆಗೆ ಅಲ್ಲಿ ಹೇಳಿರುವ ಅವಧಿ 15 ದಿನ, ಅಗ್ರಿಮೆಂಟ್‌ನಲ್ಲಿ ಬೇರೆ ಅವಧಿ ಬರೆದಿದ್ದರೆ ಅದು. ವಾಟ್ಸಾಪ್‌ಗೂ ಹಾಕಿ. ಅವನು ಕೆಲಸ ಮಾಡುತ್ತಿದ್ದ ಕಡೆ, ಅಗ್ರಿಮೆಂಟ್‌ಗೆ ಸಾಕ್ಷಿ ಹಾಕಿದವರ ಹತ್ತಿರ ಒಮ್ಮೆ ವಿಚಾರಿಸಿ. ಮನುಷ್ಯನಿಗೆ ಏನಾದರೂ ಆಗಿರಲೂಬಹುದು, ಆಸ್ಪತ್ರೆಯಲ್ಲಿ ಇರಬಹುದು, ಮನೆಯಲ್ಲಿ ಸಾವು ನೋವು ಆಗಿರಬಹುದು. ಪೊಲೀಸ್ ಠಾಣೆಗೂ ಹೀಗೆ ಹೀಗೆ ಎಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮನೆ ಖಾಲಿ ಮಾಡಿಸುವುದು ಪೊಲೀಸರ ಕೆಲಸವಲ್ಲ, ಆದರೆ ಇಂಥ ದಿನ ತಿಳಿಸಿದ್ದೆ ಎಂಬ ದಾಖಲೆ ನಿಮಗೆ ಬೇಕು.

ಅನೇಕ ಸಲ ಇಷ್ಟು ಮಾಡಿದಾಗ ತಮ್ಮನೋ ಭಾವನೋ ಯಾರಾದರೂ ಫೋನ್ ಮಾಡುತ್ತಾರೆ. ಆಗ ಬಾಯಿಮಾತಿಗೆ ಒಪ್ಪಬೇಡಿ. ಬಾಡಿಗೆದಾರನೇ ಬರಬೇಕು, ಇಲ್ಲವೇ "ಮನೆ ಬಿಟ್ಟಿದ್ದೇನೆ, ನೀವೇ ತೆಗೆದು ಸಾಮಾನು ಇಂಥವರಿಗೆ ಕೊಡಿ" ಎಂದು ತನ್ನ ನಂಬರಿನಿಂದ ಬರೆದು ಕಳಿಸಬೇಕು. ಹಾಗೆ ಬಂದ ಮೇಲೆ ಅಕ್ಕಪಕ್ಕದ ಇಬ್ಬರನ್ನು ನಿಲ್ಲಿಸಿಕೊಂಡು, ಬೀಗ ತೆಗೆಯುವುದರಿಂದ ಹಿಡಿದು ಕೊನೆಯ ಪಾತ್ರೆ ಹೊರಗಿಡುವವರೆಗೆ ವಿಡಿಯೋ ಮಾಡಿ, ಪಟ್ಟಿ ಬರೆದು, ಅವರಿಬ್ಬರ ಸಹಿ ಹಾಕಿಸಿ. ಫ್ರಿಜ್ ಮಾರಿ ಬಾಕಿ ವಸೂಲಿ ಮಾಡುತ್ತೇನೆ ಎಂದು ಹೋಗಬೇಡಿ, ಸಾಮಾನಿನ ಮೇಲೆ ನಿಮಗೆ ಅಂಥ ಹಕ್ಕಿಲ್ಲ.

ಏನೂ ಉತ್ತರ ಬರಲಿಲ್ಲ ಎಂದರೆ ವಕೀಲರ ಮೂಲಕ ದಾವೆಯೇ ದಾರಿ. ನಿಧಾನ, ನನಗೂ ಗೊತ್ತು. ಬಾಕಿ ಬಾಡಿಗೆ ಕೇಳಲು ಮೂರು ವರ್ಷದ ಗಡುವಿದೆ, ಅದು ಮೀರದಂತೆ ನೋಡಿಕೊಳ್ಳಿ.

ಕೆಂಗೇರಿ, ಬೆಂಗಳೂರು

ಎರಡು ಬೆಡ್‌ರೂಮ್ ಮನೆಯನ್ನು 8 ಲಕ್ಷಕ್ಕೆ ಮೂರು ವರ್ಷ ಭೋಗ್ಯಕ್ಕೆ ಹಾಕಿದ್ದೆ. ಆ ದುಡ್ಡು ಮಗಳ ಮದುವೆಗೆ ಖರ್ಚಾಯಿತು. 14 ತಿಂಗಳಾಗಿದೆ, ಈಗ ಅವರು ಕಲಬುರಗಿಗೆ ಹೋಗಬೇಕು, ಒಂದು ತಿಂಗಳಲ್ಲಿ ದುಡ್ಡು ಕೊಡಿ ಎನ್ನುತ್ತಿದ್ದಾರೆ. ಮೂರು ವರ್ಷ ಆಗದೆ ಕೊಡಬೇಕಾಗಿಲ್ಲ ಅಲ್ಲವೇ? ಅಗ್ರಿಮೆಂಟ್ ಸ್ಟಾಂಪ್ ಪೇಪರ್ ಮೇಲಿದೆ, ರಿಜಿಸ್ಟರ್ ಮಾಡಿಸಿಲ್ಲ.

ಉತ್ತರ: ನಿಮ್ಮ ಪತ್ರ ಓದಿ ಕಷ್ಟವಾಯಿತು, ಏಕೆಂದರೆ ಇಲ್ಲಿ ಇಬ್ಬರಿಗೂ ತುರ್ತು ಇದೆ. ಭೋಗ್ಯ ಅಥವಾ ನಮ್ಮಲ್ಲಿ ಲೀಸ್ ಎನ್ನುವ ಈ ಪದ್ಧತಿ ನಿಂತಿರುವುದೇ ನಂಬಿಕೆಯ ಮೇಲೆ. ಅವರು ತಿಂಗಳ ಬಾಡಿಗೆ ಕೊಡುವುದಿಲ್ಲ, ನೀವು ಬಡ್ಡಿ ಕೊಡುವುದಿಲ್ಲ, ಅವಧಿ ಮುಗಿದಾಗ ಅಸಲು ಹಾಗೇ ಹಿಂದಿರುಗಬೇಕು. ಅದು ಖರ್ಚಾಗಿರುತ್ತದೆ ಎಂಬುದು ಬಹುತೇಕ ಎರಡೂ ಕಡೆಯವರಿಗೆ ಗೊತ್ತೇ ಇರುತ್ತದೆ.

"ಮೂರು ವರ್ಷ" ಎಂಬ ಮಾತನ್ನು ಜಾಸ್ತಿ ನೆಚ್ಚಿಕೊಳ್ಳಬೇಡಿ. ಮೂರು ವರ್ಷದ ಕರಾರನ್ನು ನೋಂದಣಿ ಮಾಡಿಸಲೇಬೇಕಿತ್ತು. ನೋಂದಣಿಯಾಗದ ಕಾಗದದ ಷರತ್ತುಗಳನ್ನು ಕೋರ್ಟು ಸಾಕ್ಷ್ಯವಾಗಿ ಒಪ್ಪುವುದು ಕಷ್ಟ, ನೋಂದಣಿ ಕಾಯ್ದೆಯ 49ನೇ ಕಲಂ ಅಡ್ಡ ಬರುತ್ತದೆ. ಆದರೆ 8 ಲಕ್ಷ ಕೊಟ್ಟದ್ದಕ್ಕೆ ಅವರ ಬಳಿ ಬ್ಯಾಂಕ್ ದಾಖಲೆ ಇರುತ್ತದೆ. ಅವಧಿಯ ಷರತ್ತು ನಿಲ್ಲದೆ ಸಾಲ ಮಾತ್ರ ನಿಂತರೆ ನಿಮಗೇ ಪೆಟ್ಟು.

ಅವರಿಗೂ ಒಂದು ಮಾತು ತಲುಪಿಸಿ. ಮಧ್ಯದಲ್ಲಿ ಹೊರಟಿರುವುದು ಅವರು, ಹಾಗಾಗಿ ಒಂದೇ ತಿಂಗಳಲ್ಲಿ ಎಂದು ಕತ್ತು ಹಿಡಿಯುವುದು ಸರಿಯಲ್ಲ. ಹೊಸ ಭೋಗ್ಯದವರು ಸಿಗಲು ಸಮಯ ಬೇಕು, ಅದರಲ್ಲೂ ಶಾಲೆ ಶುರುವಾಗಿ ಬಿಟ್ಟ ಮೇಲೆ ಮಕ್ಕಳಿರುವ ಮನೆಯವರು ಜಾಗ ಬದಲಿಸುವುದು ಕಡಿಮೆ. ಮೂರು ತಿಂಗಳು ಎಂದು ಇಬ್ಬರೂ ಕೂತು ಒಪ್ಪಿಕೊಳ್ಳಿ, ತಾರೀಖು ಹಾಕಿ ಬರೆಯಿರಿ. ಹುಡುಕುವ ಕೆಲಸದಲ್ಲಿ ಅವರೂ ಸೇರಲಿ. ಬ್ರೋಕರ್ ಕಮಿಷನ್ ಅವರು ಕೊಡಲಿ, ಬೇಗ ಹೋಗಬೇಕಾದವರು ಅವರಾದ್ದರಿಂದ ಇಷ್ಟು ಕೇಳುವುದರಲ್ಲಿ ತಪ್ಪಿಲ್ಲ.

ಹೊಸಬರು ಸಿಕ್ಕಾಗ ಮೂರೂ ಕಡೆಯವರು ಒಂದೇ ದಿನ ಒಂದೇ ಕಡೆ ಸೇರಬೇಕು. ಹೊಸಬರ ಹಣ ನಿಮ್ಮ ಖಾತೆಗೆ, ನಿಮ್ಮ ಖಾತೆಯಿಂದ ಹಳಬರಿಗೆ, ಹಣ ಬಂದ ಮೆಸೇಜ್ ನೋಡಿದ ಮೇಲೆ ಅವರಿಂದ ಬೀಗದ ಕೈ ನಿಮಗೆ, ನಿಮ್ಮಿಂದ ಹೊಸಬರಿಗೆ. ಹಳೆಯ ಅಗ್ರಿಮೆಂಟ್‌ನ ಮೂಲ ಪ್ರತಿ ವಾಪಸ್ ಪಡೆದು ಅದರ ಹಿಂದೆ "ಪೂರ್ತಿ ಹಣ ಮುಟ್ಟಿದೆ, ಮನೆ ಬಿಟ್ಟುಕೊಟ್ಟಿದ್ದೇನೆ" ಎಂದು ಸಹಿ ಹಾಕಿಸಿ. ನಗದಿನ ಗೊಡವೆಗೆ ಹೋಗಬೇಡಿ, 20,000 ಅಥವಾ ಅದಕ್ಕೂ ಹೆಚ್ಚಿನ ಠೇವಣಿಯನ್ನು ನಗದಾಗಿ ತೆಗೆದುಕೊಳ್ಳುವುದನ್ನೂ ಮರಳಿಸುವುದನ್ನೂ ಆದಾಯ ತೆರಿಗೆ ಕಾನೂನು ತಡೆಯುತ್ತದೆ. ಹಣ ಕೈಗೆ ಬರುವವರೆಗೆ ಅವರು ಮನೆ ಬಿಡದೆ ಒಂದು ಬೀಗ ಹಾಕಿಕೊಂಡು ಹೋದರೆ ಬೇಸರ ಮಾಡಿಕೊಳ್ಳಬೇಡಿ. ಅವರಿಗಿರುವ ಭದ್ರತೆ ಅದೊಂದೇ.

ಹೊಸಬರು 8 ಲಕ್ಷದ ಬದಲು 7 ಲಕ್ಷಕ್ಕೆ ಮಾತ್ರ ಒಪ್ಪಿದರೆ ಉಳಿದ ಒಂದು ಲಕ್ಷ ನೀವು ಹೊಂದಿಸಲೇಬೇಕು. ಅದನ್ನು ಈಗಿನಿಂದಲೇ ಯೋಚಿಸಿ. ಹೊಸ ಅಗ್ರಿಮೆಂಟನ್ನು ಈ ಸಲ ನೋಂದಣಿ ಮಾಡಿಸಿ, ಖರ್ಚಾದರೂ ಆಗಲಿ.

ಹುಬ್ಬಳ್ಳಿಯವರು, ಈಗ ಬೆಂಗಳೂರು

ನಾನು ಬಾಡಿಗೆದಾರಳು. ಬಾಡಿಗೆ 25,000, ಅಡ್ವಾನ್ಸ್ ಒಂದು ಲಕ್ಷ. ಆರು ತಿಂಗಳು ಲಾಕ್-ಇನ್ ಇದೆ, ಅದಕ್ಕೆ ಮೊದಲು ಬಿಟ್ಟರೆ ಅಡ್ವಾನ್ಸ್ ಪೂರ್ತಿ ಮುಟ್ಟುಗೋಲು ಎಂದು ಬರೆದಿದೆ. ನಾಲ್ಕು ತಿಂಗಳಾಗಿದೆ, ಕೆಲಸ ಪುಣೆಗೆ ಬದಲಾಯಿತು. ಓನರ್ ಅಂಕಲ್ ಒಂದು ರೂಪಾಯಿಯೂ ಕೊಡುವುದಿಲ್ಲ ಎಂದಿದ್ದಾರೆ. ಕೊನೆಯ ತಿಂಗಳ ಬಾಡಿಗೆ ಕೊಡದೆ ಅಡ್ವಾನ್ಸಲ್ಲಿ ಹಿಡಿದುಕೊಳ್ಳಿ ಎಂದು ಬಿಡಲಾ ಅಂತ ಗೆಳತಿಯರನ್ನು ಕೇಳಿದರೆ ಎಲ್ಲರೂ ಹಾಗೇ ಮಾಡು ಎನ್ನುತ್ತಾರೆ.

ಉತ್ತರ: ಹಾಗೆ ಮಾಡಬೇಡಿ. ಬಾಡಿಗೆ ನಿಲ್ಲಿಸಿದ ಗಳಿಗೆಯಿಂದ ತಪ್ಪು ನಿಮ್ಮದಾಗುತ್ತದೆ, ಮಾತುಕತೆ ಅಲ್ಲಿಗೇ ಕೆಡುತ್ತದೆ. ಇರುವಷ್ಟು ದಿನದ ಬಾಡಿಗೆ ತಾರೀಖಿಗೆ ಸರಿಯಾಗಿ ಹಾಕಿ.

ಲಾಕ್-ಇನ್‌ಗೆ ಸಹಿ ಹಾಕಿದ್ದೀರಿ, ಅದಕ್ಕೆ ಬೆಲೆ ಇದೆ. ಉಳಿದಿರುವುದು ಎರಡು ತಿಂಗಳು, ಅಂದರೆ 50,000. ಅವರು ಅದನ್ನು ಕೇಳಿದರೆ ಅನ್ಯಾಯ ಎನ್ನಲಾರೆ. ಆದರೆ ಒಂದು ಲಕ್ಷ? ಕರಾರು ಕಾಯ್ದೆಯ 74ನೇ ಕಲಂ ನಿಮ್ಮ ಪರವಾಗಿದೆ. ಕರಾರಿನಲ್ಲಿ ದಂಡ ಎಂದು ಎಷ್ಟೇ ಬರೆದಿದ್ದರೂ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಮೇಲಿನ ಮಿತಿ ಅಷ್ಟೇ. ಸುಪ್ರೀಂ ಕೋರ್ಟ್ 1963ರಲ್ಲೇ ಫತೇಚಂದ್ ಪ್ರಕರಣದಲ್ಲಿ, ಮತ್ತೆ 2015ರಲ್ಲಿ ಕೈಲಾಶ್‌ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಇದನ್ನು ಹೇಳಿದೆ. ಎರಡೂ ಮನೆ ಬಾಡಿಗೆಯ ಪ್ರಕರಣಗಳಲ್ಲ, ಆದರೆ ಮೊದಲೇ ಕೊಟ್ಟ ಹಣವನ್ನು ಮುಟ್ಟುಗೋಲು ಹಾಕಿಕೊಳ್ಳುವುದಕ್ಕೂ ಈ ಮಾತು ಅನ್ವಯಿಸುತ್ತದೆ ಎಂಬುದು ಅವುಗಳ ತಿರುಳು.

ಓನರ್‌ಗೆ ಇದನ್ನೆಲ್ಲ ಮೊದಲ ದಿನವೇ ಓದಿ ಹೇಳಬೇಡಿ, ಹಿರಿಯರು, ಕೆರಳುತ್ತಾರೆ. ಬದಲಿಗೆ ನಿಮ್ಮ ಆಫೀಸಿನಲ್ಲಿ ಮನೆ ಹುಡುಕುತ್ತಿರುವವರು ಯಾರಾದರೂ ಇದ್ದರೆ ಕರೆದುಕೊಂಡು ಹೋಗಿ ತೋರಿಸಿ. "ಅಂಕಲ್, ಇವರು ಬಂದರೆ ನಿಮಗೆ ಒಂದು ದಿನವೂ ಖಾಲಿ ಬೀಳುವುದಿಲ್ಲ, ಪೇಂಟಿಂಗ್ ನಾನು ಕೊಡುತ್ತೇನೆ" ಎನ್ನಿ. ಅವರ ಮನಸ್ಸಿನಲ್ಲಿ ಇರುವ ಭಯ ಮನೆ ಖಾಲಿ ಬೀಳುತ್ತದೆ ಎಂಬುದು, ಬ್ಯಾಂಕ್ ಸಾಲದ ಕಂತು ಆ ಬಾಡಿಗೆಯಲ್ಲೇ ಹೋಗುತ್ತಿರಬಹುದು. ಆ ಭಯ ಹೋದರೆ ಅರ್ಧ ಸಿಟ್ಟು ಇಳಿಯುತ್ತದೆ. ಬೀಗದ ಕೈ ಕೊಡುವಾಗ ಪ್ರತಿ ಕೋಣೆಯ ವಿಡಿಯೋ ತೆಗೆದು, ಇಂಥ ದಿನ ಕೊಟ್ಟೆ ಎಂದು ಮೆಸೇಜ್ ಹಾಕಿ, ಅವರಿಂದ ಸರಿ ಎಂದು ಉತ್ತರ ತರಿಸಿಕೊಳ್ಳಿ.

ಇಷ್ಟಾದರೂ ಕೊಡದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ಸಹಾಯವಾಣಿ 15100. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ಕೂರಿಸಿ ಮಾತಾಡಿಸುತ್ತಾರೆ, ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬಲ, ಮೇಲ್ಮನವಿಯೂ ಇಲ್ಲ.

ಅಡ್ವಾನ್ಸ್ ಎರಡೇ ತಿಂಗಳ ಬಾಡಿಗೆ ಇರಬೇಕು ಎಂಬ ಕಾನೂನು ಬಂದಿದೆಯಂತೆ ಎಂದೂ ಕೇಳಿದ್ದೀರಿ. ಅದು 2021ರ ಮಾದರಿ ಬಾಡಿಗೆ ಕಾಯ್ದೆಯ ಮಾತು. ಕೇಂದ್ರ ಸಂಪುಟ ಒಪ್ಪಿ ರಾಜ್ಯಗಳಿಗೆ ಕಳಿಸಿದ ಮಾದರಿ ಅದು, ರಾಜ್ಯ ತಾನೇ ಕಾಯ್ದೆ ಮಾಡಿಕೊಂಡರೆ ಮಾತ್ರ ಅಲ್ಲಿ ಜಾರಿ. ಓನರ್ ಮುಂದೆ ಅದನ್ನು ಹಿಡಿದು ವಾದಿಸಬೇಡಿ.

ಮೈಸೂರು

ಬಾಡಿಗೆದಾರರು ಹೇಳದೆ ಕೇಳದೆ ಹೋದರು, ಅಡ್ವಾನ್ಸ್ ಲೆಕ್ಕ ಮುಗಿದಿದೆ. ಆದರೆ ಕರೆಂಟ್ ಮೀಟರಿಗೆ ಅವರ ಆಧಾರ್ ಜೋಡಣೆ ಹಾಗೇ ಇದೆ, ಹೊಸಬರು ಗೃಹಜ್ಯೋತಿಗೆ ಅರ್ಜಿ ಹಾಕಲು ಆಗುತ್ತಿಲ್ಲ.

ಉತ್ತರ: ಸೇವಾ ಸಿಂಧು ಪೋರ್ಟಲ್‌ನಲ್ಲಿ ಆ ಜೋಡಣೆ ತೆಗೆಯಲು ಅವಕಾಶ ಇದೆ, ಡಿ-ಲಿಂಕ್ ಎಂದು ಇರುತ್ತದೆ. ಅದನ್ನು ಆ ಆಧಾರ್ ಯಾರದೋ ಅವರೇ ಮಾಡಬೇಕು, ಓಟಿಪಿ ಅವರ ಫೋನಿಗೆ ಹೋಗುತ್ತದೆ. ಫೋನ್ ಮಾಡಿ ಕೇಳಿಕೊಳ್ಳಿ, ಅವರಿಗೂ ಹೊಸ ಮನೆಯಲ್ಲಿ ಅರ್ಜಿ ಹಾಕಬೇಕಾದರೆ ಹಳೆಯದು ಬಿಡಿಸಲೇಬೇಕು, ಹಾಗಾಗಿ ಮಾಡಿಯೇ ಮಾಡುತ್ತಾರೆ. ಸಿಗದಿದ್ದರೆ ಹೊಸ ಅಗ್ರಿಮೆಂಟ್ ಪ್ರತಿ ತೆಗೆದುಕೊಂಡು ನಿಮ್ಮ ಚೆಸ್ಕಾಂ ಉಪವಿಭಾಗದ ಕಚೇರಿಗೆ ಹೋಗಿ ಕೇಳಿ. ಮುಂದಿನ ಸಲ ಅಡ್ವಾನ್ಸ್ ವಾಪಸ್ ಕೊಡುವ ದಿನವೇ ಎದುರಿಗೆ ಕೂರಿಸಿಕೊಂಡು ಮಾಡಿಸಿಬಿಡಿ.

ಶಿವಮೊಗ್ಗ

ಮುಂದಿನ ತಿಂಗಳು ಮೊದಲ ಸಲ ಮನೆ ಬಾಡಿಗೆಗೆ ಕೊಡುತ್ತಿದ್ದೇವೆ. ಮಧ್ಯದಲ್ಲಿ ಬಿಟ್ಟು ಹೋದರೆ ತೊಂದರೆ ಆಗದಂತೆ ಅಗ್ರಿಮೆಂಟ್‌ನಲ್ಲಿ ಏನು ಬರೆಸಬೇಕು? ಬಾಂಡ್ ಬರೆಯುವವರು ಕೊಟ್ಟ ಕರಡಿನಲ್ಲಿ ಇದರ ಮಾತೇ ಇಲ್ಲ.

ಉತ್ತರ: ಒಳ್ಳೆಯ ಸಮಯಕ್ಕೆ ಕೇಳಿದ್ದೀರಿ. ಆ ಕರಡುಗಳು ಎಷ್ಟೋ ವರ್ಷದಿಂದ ಹೆಸರು, ತಾರೀಖು ಮಾತ್ರ ಬದಲಾಯಿಸಿಕೊಂಡು ಬಂದಿರುತ್ತವೆ, ನಿಮ್ಮ ಮನೆಗೆ ಹೊಂದುತ್ತದೋ ಇಲ್ಲವೋ ಯಾರೂ ನೋಡಿರುವುದಿಲ್ಲ. ಲಾಕ್-ಇನ್ ಹಾಕುವುದಾದರೆ ಮೂರು ತಿಂಗಳು ಸಾಕು. ಜಾಸ್ತಿ ಹಾಕಿದರೆ ಒಳ್ಳೆಯ ಜನ ಹಿಂಜರಿಯುತ್ತಾರೆ, ಓಡಿಹೋಗುವವರು ಹೇಗೂ ಓಡಿಹೋಗುತ್ತಾರೆ. ಎರಡು ತಿಂಗಳ ನೋಟಿಸ್ ನಮ್ಮಲ್ಲಿ ದೊಡ್ಡದೇ, ಶಿವಮೊಗ್ಗದಲ್ಲಿ ಒಂದು ತಿಂಗಳು ಇಟ್ಟರೂ ನಡೆಯುತ್ತದೆ. ಬಾಡಿಗೆದಾರರ ಕಾಯಂ ವಿಳಾಸ, ಮನೆಯವರಲ್ಲಿ ಇನ್ನೊಬ್ಬರ ಫೋನ್ ನಂಬರ್ ಎರಡನ್ನೂ ಅಗ್ರಿಮೆಂಟ್‌ನಲ್ಲೇ ಬರೆಸಿ. ಫ್ಯಾನ್ ಎಷ್ಟು, ಟ್ಯೂಬ್‌ಲೈಟ್ ಎಷ್ಟು, ಗೀಸರ್ ಹೊಸದೋ ಹಳೆಯದೋ, ಮೀಟರ್ ರೀಡಿಂಗ್ ಎಷ್ಟಿತ್ತು ಎಂಬ ಪಟ್ಟಿ ಕೊನೆಯ ಹಾಳೆಯಲ್ಲಿ ಇರಲಿ, ಇಬ್ಬರೂ ಸಹಿ ಹಾಕಿ. ಹೋಗುವ ದಿನ ಅದೇ ಹಾಳೆ ಹಿಡಿದುಕೊಂಡು ಮನೆ ಸುತ್ತಿದರೆ ಮುಗಿಯಿತು.

ಮಧ್ಯದಲ್ಲಿ ಬಿಡುವ ವಿಷಯಕ್ಕೆ ಈ ಸಾಲುಗಳನ್ನು ಹಾಗೇ ಬರೆಸಬಹುದು, ನಿಮ್ಮ ವಕೀಲರಿಗೆ ಒಮ್ಮೆ ತೋರಿಸಿ:

"ಮೊದಲ ಮೂರು ತಿಂಗಳ ನಂತರ ಇಬ್ಬರಲ್ಲಿ ಯಾರೇ ಆಗಲಿ ಒಂದು ತಿಂಗಳು ಮುಂಚಿತವಾಗಿ ಬರಹದಲ್ಲಿ ತಿಳಿಸಿ ಈ ಕರಾರನ್ನು ಕೊನೆಗೊಳಿಸಬಹುದು. ವಾಟ್ಸಾಪ್ ಸಂದೇಶವನ್ನೂ ಬರಹವೆಂದು ಎಣಿಸತಕ್ಕದ್ದು. ಬಾಡಿಗೆದಾರರು ಹಾಗೆ ತಿಳಿಸದೆ ಮನೆ ಬಿಟ್ಟರೆ, ನೋಟಿಸ್ ಅವಧಿಯಲ್ಲಿ ಮನೆ ಖಾಲಿ ಉಳಿದ ದಿನಗಳ ಬಾಡಿಗೆಯನ್ನು ಮಾಲೀಕರು ಅಡ್ವಾನ್ಸ್‌ನಿಂದ ಹಿಡಿದುಕೊಳ್ಳಬಹುದು. ಬಣ್ಣ ಮತ್ತು ರಿಪೇರಿಯ ಖರ್ಚನ್ನು ಬಿಲ್ ತೋರಿಸಿ, ಒಂದು ತಿಂಗಳ ಬಾಡಿಗೆ ಮೀರದಂತೆ ಹಿಡಿಯತಕ್ಕದ್ದು. ಬೀಗದ ಕೈ ಮಾಲೀಕರ ಕೈ ಸೇರಿದ ದಿನವೇ ಮನೆ ಬಿಟ್ಟ ದಿನ. ಆ ನಂತರ ನೋಟಿಸ್ ಅವಧಿ ಮುಗಿದ ದಿನ ಅಥವಾ ಹೊಸ ಬಾಡಿಗೆದಾರರು ಬಂದ ದಿನ, ಯಾವುದು ಮೊದಲೋ ಅಲ್ಲಿಂದ 15 ದಿನಗಳ ಒಳಗೆ ಉಳಿದ ಅಡ್ವಾನ್ಸನ್ನು ಬ್ಯಾಂಕ್ ಮೂಲಕ ಹಿಂದಿರುಗಿಸತಕ್ಕದ್ದು."